ಒಂದು ಮೊರ ತೌಡು

ಲಂಡನ್ನಿನ ಕ್ವೀನ್ಸ್‌ಬರಿ ಸ್ಟೇಷನ್ನಿನ ಗೇಟಿಗೆ ಅಡ್ಡವಾಗಿ ನಿಲ್ಲಿಸಿದ್ದ ಬಿಳಿ ಹಲಗೆಯ ಮೇಲೆ ಯಾರೋ ನೀಲಿ ಮಾರ್ಕರಿನಲ್ಲಿ ದುಂಡಗೆ ಬರೆದಿದ್ದರು: ಹಳಿಯ ಕೆಲಸ ನಡೆದಿರುವುದರಿಂದ ಇವತ್ತು ಟ್ಯೂಬ್ ರೈಲು ಇಲ್ಲ, ಬದಲಿ ಬಸ್ಸಿದೆ, ತೊಂದರೆಗಾಗಿ ವಿಷಾದಿಸುತ್ತೇವೆ. ವಿಷಾದದ ಪಕ್ಕದಲ್ಲಿ ಒಂದು ನಗುಮುಖ ಬೇರೆ. ಜಾಹ್ನವಿಗೆ ಆ ನಗುಮುಖವನ್ನು ಕೋಟಿನ ತೋಳಿನಿಂದ ಒರೆಸಿಬಿಡಬೇಕು ಅನ್ನಿಸಿತು. ಹೆಗಲಿನಿಂದ ಜೋತುಬಿದ್ದ ಬಟ್ಟೆಯ ಚೀಲದಲ್ಲಿ ಹೇಸ್‌ನ ಇತಿಹಾಸ ಕೂಟ ಅಚ್ಚು ಹಾಕಿಸಿದ ಇಪ್ಪತ್ತು ಪುಸ್ತಿಕೆಗಳಿದ್ದವು. ಪ್ರತಿಯೊಂದರ ಹನ್ನೆರಡನೆಯ ಪುಟದಲ್ಲಿ ಅವಳ ಹೆಸರಿತ್ತು, ಹೆಸರಿನ ಮೇಲೆ ಅವಳೇ ಬರೆದ ಸುಳ್ಳಿತ್ತು. ಸುಳ್ಳೆಂದು ನಿನ್ನೆ ಮಧ್ಯಾಹ್ನದ ತನಕ ಗೊತ್ತಿರಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಗೊತ್ತಿದ್ದು ಸುಳ್ಳು ಹೇಳುವವರಿಗೆ ಒಂದು ಧೈರ್ಯವಾದರೂ ಇರುತ್ತದೆ. ತನಗೆ ಇದ್ದದ್ದು ಬರೀ ಉತ್ಸಾಹ. ಎರಡು ಗಂಟೆಗೆ ಹೇಸ್‌ನ ಲೈಬ್ರರಿಯ ಹಾಲಿನಲ್ಲಿ, ಎಂಬತ್ತೊಂದು ವರ್ಷದ ಮೇವಿಸ್ ವೆಲ್ಬಿ ಜನರೆದುರು ಎದ್ದು ನಿಂತು ಆ ಪುಟವನ್ನು ಗಟ್ಟಿಯಾಗಿ ಓದಲಿದ್ದರು. ಫೆಲ್ಥಮ್‌ನ ಮನೆಯಿಂದ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕಾದವಳು ಜಾಹ್ನವಿಯೇ; ಅಷ್ಟರೊಳಗೆ ಅವರಿಗೆ ಹೇಳಬೇಕು. ಹೇಗೆ ಹೇಳುವುದೆಂದು ರಾತ್ರಿಯಿಂದ ನಾಲ್ಕು ಥರ ಜೋಡಿಸಿಕೊಂಡಿದ್ದಳು. ನಾಲ್ಕೂ ಈ ಹಲಗೆಯ ಮೇಲಿನ ಬರಹದ ಹಾಗೆಯೇ ಇದ್ದವು. ದುಂಡಗೆ, ನಗುಮುಖದ ಸಮೇತ.

ಬದಲಿ ಬಸ್ಸು ಬರಲು ಇಪ್ಪತ್ತು ನಿಮಿಷವಾಯಿತು, ಬಂದಾಗ ಅರ್ಧ ಕ್ವೀನ್ಸ್‌ಬರಿ ಅದರೊಳಗಿತ್ತು. ಯಾರದೋ ಕೊತ್ತಂಬರಿಯ ಕಟ್ಟು ಅವಳ ಕಿವಿಗೆ ತಾಗುತ್ತಿತ್ತು. ಕಂಬ ಹಿಡಿದು ನಿಂತವಳಿಗೆ ಹೋದ ಅಕ್ಟೋಬರಿನ ಆ ಬುಧವಾರ ನೆನಪಾಯಿತು, ನೆನಪಾಗಿ ಮೈ ಬಿಸಿಯಾಯಿತು. ಅವಳು ಆ ಲೈಬ್ರರಿಯಲ್ಲಿ ವಾರಕ್ಕೆ ನಾಲ್ಕು ದಿನ ಪುಸ್ತಕ ಜೋಡಿಸುವ, ಪ್ರಿಂಟರಿಗೆ ಕಾಗದ ತುಂಬುವ, ಮುದುಕರಿಗೆ ಕೌನ್ಸಿಲ್ಲಿನ ಫಾರಂ ತುಂಬಿಕೊಡುವ ಕೆಲಸದವಳು. ಮೇವಿಸ್ ಒಳಗೆ ಬಂದದ್ದು ಒಂದು ಸುರುಳಿಯ ಜೊತೆ. ಗೋಡೆಗೆ ಅಂಟಿಸುವ ಹೂವಿನ ಕಾಗದದ ಹಿಂಬದಿಯಲ್ಲಿ ತಮ್ಮ ವಂಶವೃಕ್ಷ ಬರೆದಿದ್ದರು. ಮೇಜಿನ ಮೇಲೆ ಬಿಡಿಸಿದಾಗ ಅದರ ಬುಡದಲ್ಲಿ ಮುತ್ತಜ್ಜ, ಮುತ್ತಜ್ಜಿ: ಥಾಮಸ್ ಸ್ಟ್ರೌಡ್, ಹ್ಯಾರಿಯೆಟ್ ಸ್ಟ್ರೌಡ್. ಸಾವಿರದ ಎಂಟುನೂರ ಎಪ್ಪತ್ತೊಂಬತ್ತರಲ್ಲಿ ಐದು ಮಕ್ಕಳನ್ನು ಕಟ್ಟಿಕೊಂಡು ಹೋಗಿ, ಹೊಸಕೋಟೆಯ ಕಡೆ ಜಮೀನು ಹಿಡಿದು, ಹೆಂಚಿನ ಮನೆ ಕಟ್ಟಿ, ಆಲೂಗಡ್ಡೆ ಹಾಕಿ, ಸೀಬೆ ಹಾಕಿ, ಎರಡರಲ್ಲೂ ಸೋತು ಒಂಬತ್ತು ವರ್ಷಕ್ಕೆ ವಾಪಸು ಹಡಗು ಹತ್ತಿದವರು. ಹೊಸಕೋಟೆ ಎಂಬ ಮಾತು ಆ ಬಾಯಿಂದ ಬಿದ್ದದ್ದೇ ತಡ, ಜಾಹ್ನವಿ ಹಿಂದುಮುಂದು ನೋಡದೆ, "ನಮ್ಮಜ್ಜಿಯ ತವರು ಅಲ್ಲೇ!" ಅಂದುಬಿಟ್ಟಿದ್ದಳು. ಅಂದದ್ದು ನಿಜವೇ. ಅಜ್ಜಿ ಕಾಮಾಕ್ಷಮ್ಮನ ತವರು ಹೊಸಕೋಟೆಯಿಂದ ಎರಡು ಹರದಾರಿ. ಆದರೆ ಆ ನಿಜವನ್ನು ಅಷ್ಟು ಸಂಭ್ರಮದಿಂದ ಹೇಳುವ ಅಗತ್ಯ ಏನಿತ್ತು? ಸಂಭ್ರಮ ಅವಳ ಹಳೆಯ ರೋಗ. ಸ್ಕೂಲಿನಲ್ಲಿ ಟೀಚರ್ ಪ್ರಶ್ನೆ ಮುಗಿಸುವ ಮೊದಲೇ ಕೈಯೆತ್ತಿ, ಎದ್ದು ನಿಂತು, ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಳು.

ಮೇವಿಸ್ ಮುಂದಿನ ಬುಧವಾರ ಹ್ಯಾರಿಯೆಟ್ಟಳ ದಿನಚರಿಯನ್ನು ದಿಂಬಿನ ಚೀಲದಲ್ಲಿ ಸುತ್ತಿ ತಂದರು. ಒಂದು ಹಾಳೆಯನ್ನು ಮಡಿಸಿ ಹೇರ್‌ಪಿನ್ ಸಿಕ್ಕಿಸಿದ್ದರು. ಮೂವತ್ತು ವರ್ಷದಿಂದ ಆ ಪಿನ್ನು ಅಲ್ಲೇ ಇದೆ ಅಂದರು. ಗಂಡ ರಾನ್ ಬದುಕಿದ್ದಾಗ ಅದನ್ನು ಹರಿದು ಒಲೆಗೆ ಹಾಕು ಅಂದಿದ್ದನಂತೆ, ಮಕ್ಕಳಿಗೆ ಇವತ್ತಿಗೂ ತೋರಿಸಿಲ್ಲವಂತೆ. ಪಿನ್ನು ತೆಗೆದು ಹಾಳೆಯನ್ನು ಅವಳತ್ತ ತಿರುಗಿಸಿದರು. ಸಾವಿರದ ಎಂಟುನೂರ ಎಂಬತ್ತೊಂದು, ಮಾರ್ಚ್: ಹಟ್ಟಿಯ ಹೆಂಗಸೊಬ್ಬಳಿಂದ ಇವತ್ತು ಒಂದು ಹೆಣ್ಣುಕೂಸನ್ನು ಕೊಂಡೆ. ಬೆಲೆ ಒಂದು ಮೊರ ತೌಡು. ಥಾಮಸ್ ಬಹಳ ನಕ್ಕ. "ನಾವು ಮನುಷ್ಯರನ್ನು ಕೊಂಡವರು," ಎಂದರು ಮೇವಿಸ್, ಮೇಜಿಗೆ ಹೇಳುವ ಹಾಗೆ. ಜಾಹ್ನವಿ ನಕ್ಕಳು. ಹೌದು, ನಕ್ಕಳು, ಥಾಮಸ್‌ನ ಹಾಗೆ; ಆ ನಗುವನ್ನು ಈಗ ಬಸ್ಸಿನಲ್ಲಿ ನೆನೆದರೆ ಕಂಬಕ್ಕೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ನಕ್ಕು, ಮುದುಕಿಯ ಕೈ ಹಿಡಿದು, ಅಜ್ಜಿಯ ಕಥೆ ಹೇಳಿದ್ದಳು. ಹುಟ್ಟಿದ ಮಕ್ಕಳೆಲ್ಲ ಸಾಯುವ ಮನೆಯಲ್ಲಿ ಹೊಸ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಮ್ಮ ಎಂದು ಹೆಸರಿಡುತ್ತಾರೆ. ಮಕ್ಕಳು ಉಳಿದಿರುವ ಮನೆಯವಳಿಗೆ ಒಂದು ಮೊರ ತೌಡಿಗೆ ಮಾರುತ್ತಾರೆ. ಸಾವು ಬಾಗಿಲಿಗೆ ಬಂದು ಕೂಸೆಲ್ಲಿ ಎಂದು ಕೇಳಿದರೆ ತಾಯಿ, "ನಂದಲ್ಲಪ್ಪ, ಮಾರಿಬಿಟ್ಟೆ, ತೌಡಿಗೆ," ಅನ್ನುತ್ತಾಳೆ. ತೌಡಿನ ಬೆಲೆಯ ಕೂಸನ್ನು ಹೊತ್ತುಕೊಂಡು ಹೋಗಿ ನಾನೇನು ಮಾಡಲಿ ಎಂದು ಸಾವು ಬೇಜಾರುಪಟ್ಟು ಹೊರಟುಹೋಗುತ್ತದೆ. ಮಾರಿದ್ದು ನೆಪಕ್ಕೆ; ಕೂಸು ತಾಯಿಯ ಹತ್ತಿರವೇ ಬೆಳೆಯುತ್ತದೆ. ಗಂಡಾಂತರ ಕಳೆದ ಮೇಲೆ, ಏಳನೆಯ ವರ್ಷಕ್ಕೋ ಮದುವೆಗೆ ಮೊದಲೋ, ತಾಯಿ ಮೊರದಲ್ಲಿ ಅಕ್ಕಿ ಬೆಲ್ಲ ಕಾಯಿ ಇಟ್ಟುಕೊಂಡು ಹೋಗಿ ಮಗಳನ್ನು ಬಿಡಿಸಿಕೊಂಡು ಬರುತ್ತಾಳೆ. ಕೊಂಡವಳು ಹುಡುಗಿಯ ಮಡಿಲು ತುಂಬಿ ಕಳಿಸುತ್ತಾಳೆ. "ನಿಮ್ಮ ಮುತ್ತಜ್ಜಿ ಕೊಂಡದ್ದಲ್ಲ, ಕಾಪಾಡಿದ್ದು," ಅಂದಿದ್ದಳು ಜಾಹ್ನವಿ. ಮೇವಿಸ್ ಅಳಲು ಶುರುಮಾಡಿ, ಕ್ಷಮೆ ಕೇಳಿ, ಮತ್ತೆ ಅತ್ತರು. ಹೋಗುವಾಗ ಪಿನ್ನನ್ನು ಮೇಜಿನ ಮೇಲೆಯೇ ಬಿಟ್ಟು ಹೋದರು.

ಫೋನು ಕೋಟಿನೊಳಗೆ ನಡುಗಿತು. ಅಮ್ಮ.

"ಡಬ್ಬಿ ಇಲ್ಲೇ ಬಿಟ್ಟು ಹೋಗಿದ್ದೀಯಲ್ಲೇ. ಚಿತ್ರಾನ್ನ ಯಾರಿಗೆ ಮಾಡ್ದೆ ನಾನು, ಬೆಳಗ್ಗೆ ಎದ್ದು?"

"ಬಸ್ಸಲ್ಲಿದ್ದೀನಮ್ಮ."

"ಬಸ್ಸಲ್ಲಿರೋರಿಗೆ ಹಸಿವಾಗಲ್ವಾ? ಅಲ್ಲಿ ಸಮೋಸ ತಿಂದು ಎದೆ ಉರಿ ಅಂತ ಬಾ, ಆಮೇಲೆ ಮಾತಾಡ್ತೀನಿ."

ಅಮ್ಮ ಡಾಕ್ಟರು; ಇಪ್ಪತ್ತನಾಲ್ಕು ವರ್ಷದಿಂದ ಇಲ್ಲಿಯ ಆಸ್ಪತ್ರೆಗಳಲ್ಲಿ ಕಂಡವರ ಹೊಟ್ಟೆ ಒತ್ತಿ ನೋಡಿದವಳು. ಮಗಳ ದನಿಯಲ್ಲಿ ಎಲ್ಲಿ ನೋವಿದೆ ಎಂದು ಫೋನಿನಲ್ಲೇ ಗೊತ್ತಾಗಿಬಿಡುತ್ತದೆ. "ಏನಾಯ್ತು? ಯಾಕೆ ಹಾಗೆ ಉಸಿರು ಬಿಡ್ತಿದ್ದೀಯ?" ಎಂದು ಕೇಳಿದಳು. ಜಾಹ್ನವಿಗೆ ಅತ್ತು ಬಿಡುವಷ್ಟು ರೇಗಿತು. ಕೊತ್ತಂಬರಿಯ ಹೆಂಗಸು ಕೇಳಿಸಿಕೊಳ್ಳದ ಹಾಗೆ ಫೋನಿಗೆ ಬಾಯಿ ಒತ್ತಿ ಕೇಳಿದಳು:

"ಅಮ್ಮಾ, ಅಜ್ಜಿ ತೌಡಿಗೆ ಮಾರೋ ಕಥೆ ಹೇಳ್ತಿದ್ರಲ್ಲ. ಅದರ ಕೊನೆ ಯಾವಾಗ್ಲೂ ಹಾಗೇ ಇತ್ತಾ?"

"ಹಾಗೇ ಅಂದ್ರೆ?"

"ಮಗೂನ ಬಿಡಿಸ್ಕೊಂಡು ಬರೋದು."

ಅಮ್ಮನ ಹಿಂದೆ ನಲ್ಲಿ ಸುರಿಯುವ ಸದ್ದು ಕೇಳಿಸಿತು, ನಿಂತಿತು.

"ನನಗೂ ನಿಮ್ಮ ಮಾಮಂಗೂ ಹೇಳುವಾಗ ಬೇರೆ ಇತ್ತು. ತಾಯಿ ಮೊರ ಹೊತ್ಕೊಂಡು ಹೋದ್ರೆ ಕೊಂಡವಳು ಬಾಗಿಲೇ ತೆಗೀತಿರ್ಲಿಲ್ಲ. ನಾವು ಹೆದರ್ಕೊಂಡು ತೆಪ್ಪಗೆ ಮಲಗ್ತಿದ್ವಿ. ನಿನಗೋಸ್ಕರ ಬದಲಾಯಿಸಿದ್ರು."

"ನನಗೋಸ್ಕರ ಯಾಕೆ?"

"ಯಾಕೆ ಅಂದ್ರೆ ಏನು ಹೇಳ್ಲಿ? ನಾವು ಇಲ್ಲಿ, ನೀನು ಅಲ್ಲಿ. ಕಥೆ ಕೇಳಿ ರಾತ್ರಿಯೆಲ್ಲ ಅತ್ತು ಜ್ವರ ಬರಿಸ್ಕೊಂಡ್ಯಂತೆ. ಫೋನಲ್ಲಿ ಹೇಳಿದ್ರು ನಮ್ಮಮ್ಮ, 'ಇನ್ಮೇಲೆ ನನ್ನ ಕಥೇಲಿ ಎಲ್ಲಾ ಮಕ್ಕಳೂ ಮನೆಗೆ ಬರ್ತಾವೆ ಕಣೇ ರಜನಿ, ಬರದೇ ಇರೋದು ಒಂದೂ ಇಲ್ಲ' ಅಂತ. ಯಾಕೆ ಕೇಳ್ತಿದ್ದೀಯ ಈಗ? ಜಾನೂ?"

ಅವಳು ನಿನ್ನೆ ಹ್ಯಾರಿಯೆಟ್ಟಳ ದಿನಚರಿಯಲ್ಲಿ ಓದಿದ್ದನ್ನು ಹೇಳಿದಳು. ಅಮ್ಮ ಪೂರ್ತಿ ಕೇಳಿಸಿಕೊಂಡು, "ಆ ಮುದುಕಿಗೆ ಹಾರ್ಟು ಗೀರ್ಟು ಏನಾದ್ರೂ ಇದೆಯಾ? ಮೊದಲು ಅದನ್ನ ವಿಚಾರಿಸು," ಅಂದಳು. ಆಮೇಲೆ, "ಅಜ್ಜಿ ಕಥೇನ ಸಾಕ್ಷಿ ಅಂತ ಪ್ರಿಂಟ್ ಮಾಡ್ಸಿದ್ದೀಯಲ್ಲ, ನಿನಗೆ ಏನು ಹೇಳ್ಬೇಕು," ಅಂದಳು. ಆಮೇಲೆ ಡಬ್ಬಿಯನ್ನು ಫ್ರಿಜ್ಜಿನಲ್ಲಿಡುತ್ತೇನೆ ಎಂದು ಫೋನಿಟ್ಟಳು.

ಹನ್ನೊಂದನೆಯ ವರ್ಷದ ತನಕ ಜಾಹ್ನವಿ ಚಿಕ್ಕಬಳ್ಳಾಪುರದಲ್ಲಿ ಅಜ್ಜಿಯ ಮಗ್ಗುಲಲ್ಲಿ ಮಲಗಿದವಳು. ಅಪ್ಪ ಅಮ್ಮ ಅವಳಿಗೆ ಭಾನುವಾರ ಸಂಜೆಯ ಫೋನಿನಲ್ಲಿ ಬರುವ ಎರಡು ದನಿಗಳಾಗಿದ್ದರು. ಆ ದನಿಗಳಿಗಿಂತ ಕಥೆಯ ಸಾವಿನ ದನಿ ಹತ್ತಿರದ್ದು, ಅಜ್ಜಿಯ ಗಂಟಲಲ್ಲಿ, ಸ್ವಲ್ಪ ಮೂಗಿನಿಂದ ಬರುವಂಥದ್ದು. ಆ ಕಥೆಗಳನ್ನೇ ಆಸ್ತಿಯೆಂದು ಇಷ್ಟು ದಿನ ನಂಬಿಕೊಂಡಿದ್ದಳು. ಲಂಡನ್ನಿನಲ್ಲಿ ಯಾರು ಏನು ಮಾತಾಡಲಿ, ತನ್ನ ಹತ್ತಿರ ಒಂದು ಮೂಟೆಯಿದೆ, ಬಿಚ್ಚಿದರೆ ಎಲ್ಲರೂ ಬಾಯಿ ಬಿಟ್ಟು ಕೇಳುತ್ತಾರೆ ಎಂಬ ಒಳಗಿನ ಜಂಬ. ಈಗ ನೋಡಿದರೆ ಮೂಟೆಯಲ್ಲಿದ್ದದ್ದು ಜ್ವರ ಬಂದ ಹುಡುಗಿಗೆ ಕೊಟ್ಟ ಔಷಧಿ. ಅದನ್ನು ಕಲಸಿ ಎಂಬತ್ತೊಂದು ವರ್ಷದವರೊಬ್ಬರಿಗೂ ಕುಡಿಸಿದ್ದಾಳೆ. ಬಸ್ಸಿಳಿದು, ಟ್ಯೂಬ್ ಓಡುತ್ತಿದ್ದ ಕಡೆಯಿಂದ ವಾಟರ್‌ಲೂ ಸೇರಿದಾಗ ಫೆಲ್ಥಮ್ ರೈಲು ಕಣ್ಣೆದುರಿಗೇ ಹೊರಟುಹೋಯಿತು. ಅಜ್ಜಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ಹೋಗಿ, ಸತ್ತವರ ಮೇಲೆ ಎಂಥ ಸಿಟ್ಟು ಎನ್ನಿಸಿ, ಆ ಸಿಟ್ಟನ್ನು ರೈಲಿನ ಮೇಲೆ ಹಾಕಿದಳು.

ನಿನ್ನೆ ಆದದ್ದು ಇಷ್ಟೇ. ಲೈಬ್ರರಿ ಹಾಲ್‌ನ ಗೋಡೆಯ ಮೇಲೆ ತೋರಿಸಲು ದಿನಚರಿಯ ಚಂದದ ಅಕ್ಷರವಿರುವ ಒಂದು ಹಾಳೆ ಬೇಕಿತ್ತು. ಮೇವಿಸ್ ಇಡೀ ದಿನಚರಿಯ ಫೋಟೋ ತೆಗೆದು ಡಿಸೆಂಬರಿನಲ್ಲೇ ಕಳಿಸಿದ್ದರು, ನಲವತ್ತಾರು ಫೋಟೋ. ಜಾಹ್ನವಿ ಓದಿದ್ದು ಒಂಬತ್ತು. ಒಂಬತ್ತನೆಯದರಲ್ಲಿ ತೌಡು ಬಂದಿತ್ತು, ಅಲ್ಲಿಂದ ಮುಂದಿನದು ಅವಳಿಗೆ ಗೊತ್ತೇ ಇತ್ತಲ್ಲ, ಅಜ್ಜಿ ಹೇಳಿದ್ದರಲ್ಲ. ಸ್ಟಾಫ್ ರೂಮಿನಲ್ಲಿ ಬ್ರೆಡ್ಡು ಕಚ್ಚುತ್ತ, ಅಕ್ಷರ ಮಾತ್ರ ನೋಡುತ್ತ ಬೆರಳು ಸರಿಸುತ್ತಿದ್ದವಳಿಗೆ ಮೂವತ್ತೊಂದನೆಯ ಫೋಟೋದಲ್ಲಿ ಅಕ್ಕಿ, ಬೆಲ್ಲ ಕಣ್ಣಿಗೆ ಬಿದ್ದವು. ಸಾವಿರದ ಎಂಟುನೂರ ಎಂಬತ್ತೆಂಟು, ಫೆಬ್ರವರಿ: ತಿಪ್ಪಿಯ ತಾಯಿ ಇವತ್ತೂ ಬಂದಳು. ಮೊರದಲ್ಲಿ ಅಕ್ಕಿ, ಬೆಲ್ಲ, ಒಂದು ತೆಂಗಿನಕಾಯಿ, ಒಂದು ತುಂಡು ಕೆಂಪು ಬಟ್ಟೆ. ಹುಡುಗಿಯನ್ನು ಬಿಟ್ಟುಕೊಡಬೇಕಂತೆ. ನನ್ನ ಪುಟ್ಟ ಈಡಿತ್ ಅವಳಿಲ್ಲದೆ ತುತ್ತು ತಿನ್ನುವುದಿಲ್ಲ, ಹಡಗಿನಲ್ಲಿ ಮಗುವನ್ನು ನೋಡಿಕೊಳ್ಳಲು ಯಾರಾದರೂ ಬೇಕು. ಕೊಟ್ಟದ್ದನ್ನು ವಾಪಸು ಕೇಳಬಾರದೆಂದು ಹೇಳಿಸಿದೆ. ಮೂರು ದಿನದಿಂದ ಗೇಟಿನ ಹೊರಗೆ ಕೂತಿದ್ದಾಳೆ. ಪಿಂಗಾಣಿಗೆ ಹುಲ್ಲು ಸುತ್ತಿ ಆಯಿತು. ದೊಡ್ಡ ತಟ್ಟೆಗಳು ಪೆಟ್ಟಿಗೆಯಲ್ಲಿ ಹಿಡಿಸುತ್ತಿಲ್ಲ. ಇದಾದ ಮೇಲೆ ತಟ್ಟೆಗಳ ಪಟ್ಟಿ ಒಂದೂವರೆ ಪುಟ. ಜಾಹ್ನವಿ ಆ ಪಟ್ಟಿಯನ್ನು ಪೂರ್ತಿ ಓದಿದಳು, ಒಂದು ಚಮಚ ಬಿಡದೆ, ಎಲ್ಲಾದರೂ ಮತ್ತೆ ಆ ತಾಯಿ ಬರುತ್ತಾಳೇನೋ ಎಂದು. ಬರಲಿಲ್ಲ. ಸಂಜೆ ಮನೆಗೆ ಹೋಗದೆ ಲೈಬ್ರರಿಯ ಕಂಪ್ಯೂಟರಿನಲ್ಲಿ ಹಳೆಯ ಜನಗಣತಿ ತೆರೆದಳು. ಸಾವಿರದ ಎಂಟುನೂರ ತೊಂಬತ್ತೊಂದು, ಹೌನ್ಸ್‌ಲೋ: ಥಾಮಸ್ ಸ್ಟ್ರೌಡ್, ಹ್ಯಾರಿಯೆಟ್, ಮಕ್ಕಳು, ಕೊನೆಯ ಸಾಲಿನಲ್ಲಿ ತಿಪ್ಪಿ, ವಯಸ್ಸು ಹತ್ತು, ಮಗುವಿನ ಆಯಾ, ಹುಟ್ಟಿದ್ದು ಇಂಡಿಯಾ. ಹತ್ತು ವರ್ಷದ ಆಯಾ! ಮುಂದಿನ ಗಣತಿಯಲ್ಲಿ ಎಲ್ಲರೂ ಇದ್ದರು, ಅವಳಿರಲಿಲ್ಲ. ಸಾವಿನ ದಾಖಲೆಯಲ್ಲಿ ಇಲ್ಲ, ಮದುವೆಯ ದಾಖಲೆಯಲ್ಲಿ ಇಲ್ಲ. ಹೌನ್ಸ್‌ಲೋ ಮೂಲಕ ಜಾಹ್ನವಿ ನೂರು ಸಲ ಬಸ್ಸಿನಲ್ಲಿ ಹೋಗಿದ್ದಾಳೆ, ತೂಕಡಿಸುತ್ತ.

ಫೆಲ್ಥಮ್‌ನ ಆ ಸಣ್ಣ ಮನೆಯ ಬಾಗಿಲು ಅವಳು ಗಂಟೆ ಒತ್ತುವ ಮೊದಲೇ ತೆರೆಯಿತು. ಮೇವಿಸ್ ತಯಾರಾಗಿ ಬಹಳ ಹೊತ್ತಾಗಿತ್ತೆಂದು ಕಾಣುತ್ತದೆ. ತುಟಿಗೆ ಬಣ್ಣ, ಕತ್ತಿಗೆ ಮುತ್ತಿನ ಸರ, ಕೈಯಲ್ಲಿ ಪುಸ್ತಿಕೆ. ಹನ್ನೆರಡನೆಯ ಪುಟಕ್ಕೆ ಎಷ್ಟು ಸಲ ತೆರೆದಿದ್ದರೋ, ಪುಸ್ತಿಕೆ ತಾನೇ ಅಲ್ಲಿಗೆ ಬಿಚ್ಚಿಕೊಳ್ಳುತ್ತಿತ್ತು. "ತಡ ಮಾಡಿದೆ, ಜಾನ್. ಕಾಲು ಗಂಟೆಯಿಂದ ಕೋಟು ಹಾಕಿಕೊಂಡೇ ನಿಂತಿದ್ದೇನೆ, ಬೆವರುತ್ತಿದ್ದೇನೆ." ಜಾಹ್ನವಿ ಎಂಬುದು ಅವರ ಬಾಯಲ್ಲಿ ಮೊದಲಿನಿಂದಲೂ ಜಾನ್. ಮಗಳು ಬ್ರಿಸ್ಟಲ್ಲಿನಿಂದ ಫೋನು ಮಾಡಿದ್ದಳಂತೆ, ಅವಳಿಗೆ ಮೊದಲ ಸಲ ಆ ಪುಟದ ವಿಷಯ ಹೇಳಿದರಂತೆ, ಎಷ್ಟು ಮುದ್ದಾದ ಪದ್ಧತಿ ಅಂದಳಂತೆ. ಜಾಹ್ನವಿ ಹೇಳಿಬಿಡಲೆಂದು ಬಾಯಿ ತೆರೆದಳು. "ಮಿಸೆಸ್ ವೆಲ್ಬಿ, ನಿಮ್ಮ ಹೃದಯ ಹೇಗಿದೆ?" ಎಂದು ಕೇಳಿದಳು. ಮೇವಿಸ್ ಕಣ್ಣು ಕಿರಿದು ಮಾಡಿ ನೋಡಿದರು. "ನಿನ್ನದಕ್ಕಿಂತ ಚೆನ್ನಾಗಿದೆ, ಮುಖ ನೋಡಿದರೆ. ಬಸ್ಸು ತಪ್ಪುತ್ತದೆ, ನಡೆ."

ಹೇಸ್‌ಗೆ ಹೋಗುವ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ತಲೆಯ ಮೇಲೆಯೇ ಎನ್ನುವಷ್ಟು ಕೆಳಗೆ ವಿಮಾನಗಳು ಇಳಿಯುತ್ತಿದ್ದವು, ಪ್ರತಿಯೊಂದು ಇಳಿಯುವಾಗಲೂ ಮಾತು ನಿಲ್ಲಿಸಬೇಕು. ಅವಳು ಜೋಡಿಸಿಕೊಂಡಿದ್ದ ನಾಲ್ಕೂ ಮಾತು ಒಂದೊಂದು ವಿಮಾನದ ಕೆಳಗೆ ಸಿಕ್ಕಿ ಹೋದವು. ಕೊನೆಗೆ ಏನೂ ಜೋಡಿಸದೆ, ಬರೀ ಫೋನು ತೆಗೆದು ಮೂವತ್ತೊಂದನೆಯ ಫೋಟೋ ಅವರ ಮುಂದೆ ಹಿಡಿದಳು. "ಇದನ್ನು ನಾನು ನಿನ್ನೆ ಓದಿದೆ. ಮೊದಲೇ ಓದಬೇಕಿತ್ತು. ನಾನು ಬರೆದದ್ದು ತಪ್ಪು."

ಮೇವಿಸ್ ಕನ್ನಡಕ ಹುಡುಕಲಿಲ್ಲ. ಫೋಟೋ ಕಡೆ ಒಂದು ಸಲ ನೋಡಿ ಕಿಟಕಿಯ ಕಡೆ ತಿರುಗಿದರು. "ತಟ್ಟೆಗಳ ಪುಟ," ಅಂದರು.

"ನಿಮಗೆ ಗೊತ್ತಿತ್ತಾ?"

"ನನ್ನದೇ ಮುತ್ತಜ್ಜಿಯ ದಿನಚರಿ, ಹುಡುಗಿ. ಫೋಟೋ ತೆಗೆದವಳೂ ನಾನೇ. ಎರಡು ಮಧ್ಯಾಹ್ನ ಬಗ್ಗಿ ಬಗ್ಗಿ ಸೊಂಟ ಹಿಡಿಯಿತು." ಅವರ ದನಿಯಲ್ಲಿ ಗುಟ್ಟು ಬಯಲಾದವರ ಗಾಬರಿ ಇರಲಿಲ್ಲ, ಬರೀ ರೇಗಾಟವಿತ್ತು. "ಪಿನ್ನು ಹಾಕಬೇಕಾಗಿದ್ದದ್ದು ಅದಕ್ಕೆ. ಕೈ ಬರಲಿಲ್ಲ, ಹಿಂದಿನದಕ್ಕೆ ಹಾಕಿದೆ. ಫೋಟೋ ಕಳಿಸಿದ ಮೇಲೆ ನೀನು ಎಲ್ಲ ಓದಿದ್ದೀಯ ಎಂದುಕೊಂಡಿದ್ದೆ. ಎಲ್ಲ ಓದಿದ ಮೇಲೂ ಪರವಾಗಿಲ್ಲ ಎಂದೇ ಪುಸ್ತಿಕೆಗೆ ಬರೆದೆ ಎಂದುಕೊಂಡಿದ್ದೆ. ನೀನು ಆ ಕಡೆಯವಳು, ನಿಮ್ಮಜ್ಜಿ ಅಲ್ಲಿಯವಳು, ಹಾಗೆ ಹೇಳುವ ಹಕ್ಕು ನಿನಗಿದೆ ಎಂದುಕೊಂಡಿದ್ದೆ."

ಹಕ್ಕು ಎಂಬ ಮಾತಿಗೆ ಜಾಹ್ನವಿ ಒಳಗೇ ಕುಗ್ಗಿಹೋದಳು. ಅಂಥದ್ದೊಂದು ತನಗಿದೆಯೆಂದು ಅಕ್ಟೋಬರಿನಲ್ಲಿ ಅವಳೂ ನಂಬಿದ್ದಳಲ್ಲ. ಹಟ್ಟಿಯ ಹೆಂಗಸಿಗೂ ಕಾಮಾಕ್ಷಮ್ಮನ ತವರಿನವರಿಗೂ ಏನು ಸಂಬಂಧ? ಆ ಹೆಂಗಸು ಅಜ್ಜಿಯ ತವರಿಗೆ ಬಂದಿದ್ದರೆ ಅಂಗಳದಾಚೆಗೇ ನಿಲ್ಲಬೇಕಾಗಿತ್ತು. ಅಜ್ಜಿಯ ಅಜ್ಜಿ ಮೇಲಿನಿಂದ ನೀರು ಹೊಯ್ದಿರುತ್ತಾಳೆ, ಆ ಹೆಂಗಸು ಬೊಗಸೆ ಒಡ್ಡಿ ಕುಡಿದಿರುತ್ತಾಳೆ, ಮಧ್ಯೆ ಈ ಕಥೆ ಒಂದು ಬಾಯಿಂದ ಇನ್ನೊಂದು ಬಾಯಿಗೆ ಬಿದ್ದಿರುತ್ತದೆ. ಅಷ್ಟೇ. ಅವಳ ಕಥೆ ಇಟ್ಟುಕೊಂಡು, ಅವಳ ಪರವಾಗಿ, ಅವಳ ಮಗಳನ್ನು ಹೊತ್ತುಕೊಂಡು ಹೋದವರ ಮೊಮ್ಮಗಳ ಮಗಳಿಗೆ ಕ್ಷಮೆ ಕೊಡಲು ಜಾಹ್ನವಿ ಯಾರು?

"ಆ ಪುಟ ಓದಬೇಡಿ ಇವತ್ತು," ಅಂದಳು. "ನಾನು ಕೊಟ್ಟದ್ದನ್ನು ವಾಪಸು ತಗೊಳ್ತೀನಿ."

"ಎಂಬತ್ತೊಂದನೆಯ ವಯಸ್ಸಿನಲ್ಲಿ ಒಬ್ಬರು ನನಗೆ ಸಮಾಧಾನ ಹೇಳಿದರು. ನಾಲ್ಕು ತಿಂಗಳಿಂದ ನಿದ್ದೆ ಬರುತ್ತಿದೆ. ಮಗಳಿಗೆ ಹೇಳಿದೆ, ಇವತ್ತು ಬೆಳಿಗ್ಗೆ ತಾನೇ ಹೇಳಿದೆ." ಮೇವಿಸ್‌ರ ಕತ್ತು ಮುತ್ತಿನ ಸರದ ಕೆಳಗೆ ಕೆಂಪಾಗುತ್ತ ಬಂತು. "ಕೊಟ್ಟದ್ದನ್ನು ವಾಪಸು ಕೇಳಬಾರದು, ಜಾನ್."

ಹೇಳಿ ಮುಗಿಸಿದ ಮೇಲೆ ಆ ಮಾತು ಯಾರದೆಂದು ಅವರಿಗೂ ಗೊತ್ತಾಯಿತೋ ಇಲ್ಲವೋ. ಒಂದು ವಿಮಾನ ಇಳಿಯಿತು.

ಲೈಬ್ರರಿ ಹಾಲ್‌ನ ಬಾಗಿಲಲ್ಲಿ ಸತ್ಯನಾರಾಯಣ ಕೈ ಉಜ್ಜುತ್ತ ನಿಂತಿದ್ದರು. ಏರ್‌ಪೋರ್ಟಿನ ಸರಕು ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿ, ಈಗ ಊರಿನ ಇತಿಹಾಸ ಕೂಟದ ಕಾರ್ಯದರ್ಶಿ, ತುಮಕೂರಿನವರು. ಪುಸ್ತಿಕೆ ಅವರದೇ ಕನಸು. "ಬಾಮ್ಮ ಬಾ, ನಮ್ಮ ಸ್ಟಾರ್ ಬಂದ್ಲು. ಇಪ್ಪತ್ತಾರು ಜನ ಬಂದವ್ರೆ! ಹೋದ್ಸಲ ಕಾಲುವೆ ಬಗ್ಗೆ ಮಾತಾಡ್ದಾಗ ಒಂಬತ್ತು, ಅದ್ರಲ್ಲಿ ಇಬ್ರು ಮಳೆ ಅಂತ ಒಳಗೆ ಬಂದಿದ್ದೋರು." ಅವಳು ಅವರನ್ನು ಪಕ್ಕಕ್ಕೆ ಕರೆದು ವ್ಯವಸ್ಥಿತವಾಗಿ ಎಲ್ಲ ಹೇಳಿದಳು. ಅವರ ಕೈ ಉಜ್ಜುವುದು ನಿಂತಿತು.

"ಈಗ ಹೇಳ್ತೀಯಲ್ಲಮ್ಮ. ಪ್ರಿಂಟಾಗೋಗಿದೆ."

"ತಪ್ಪು ಪ್ರಿಂಟಾಗಿದೆ ಸರ್."

"ತಪ್ಪು ಅಂತ ಹೆಂಗೆ ಹೇಳ್ತೀಯ? ಆಚಾರ ಇತ್ತೋ ಇಲ್ವೋ? ಇತ್ತು. ನಮ್ಮೂರಲ್ಲೇ ಇದ್ದ ಒಬ್ಬ, ತಿಪ್ಪೇಸಾಮಿ, ಎಂಬತ್ತು ವರ್ಷ ಬಾಳಿದ. ಆಮೇಲಿಂದು ಅವರ ಮನೆ ವಿಷಯ. ವಯಸ್ಸಾದ ಹೆಂಗಸು, ಎಲ್ರ ಮುಂದೆ ಕರೆಸಿ ಮುಖಕ್ಕೆ ಮಸಿ ಬಳಿಯೋದು ಯಾವ ಮರ್ಯಾದೆ? ನೋಡು, ಮುಂದಿನ ಪುಸ್ತಕದಲ್ಲಿ ಒಂದು ಸಣ್ಣ ತಿದ್ದುಪಡಿ ಹಾಕೋಣ. ಹೋಗು, ಸಮೋಸ ತಿನ್ನು, ಬಿಸಿ ಇದೆ."

ಮರ್ಯಾದೆಯೇ ದೊಡ್ಡದಾಗಿ ಕಂಡದ್ದರಿಂದ ಅವಳು ನಿಜವಾಗಿಯೂ ಹೋಗಿ ಒಂದು ಸಮೋಸ ತೆಗೆದುಕೊಂಡಳು. ಹಳದಿ ಸ್ವೆಟರಿನ ಒಬ್ಬಾತ ಬಂದು, ನಿಮ್ಮ ಬರಹ ಓದಿದೆ, ಇಂಗ್ಲಿಷ್ ಎಷ್ಟು ಚೆನ್ನಾಗಿದೆ, ಎಲ್ಲಿ ಕಲಿತಿರಿ ಎಂದು ಕೇಳಿದ. ಇಲ್ಲೇ ಪಕ್ಕದ ಹ್ಯಾರೋದಲ್ಲಿ ಎಂದಳು. ಅವನು ಜೋಕೆಂದು ನಕ್ಕ. ಸಮೋಸ ಬಾಯಲ್ಲಿರುವಾಗಲೇ ದೀಪ ಆರಿಸಿದರು, ಗೋಡೆಯ ಮೇಲೆ ಹ್ಯಾರಿಯೆಟ್ಟಳ ಚಂದದ ಅಕ್ಷರ ಬಂತು, ಮೇವಿಸ್ ಎದ್ದು ನಿಂತರು. ಜಾಹ್ನವಿ ಅವರ ಮುಖವನ್ನೇ ನೋಡಿದಳು. ಅವರು ಒಮ್ಮೆಯೂ ತಲೆಯೆತ್ತದೆ ಓದಿದರು, ಒಂದು ಅಕ್ಷರ ತಡವರಿಸದೆ, ಪೂರ್ತಿ: ಕೂಸು, ತಿಪ್ಪೆ, ತೌಡು, ಬೇಜಾರುಪಟ್ಟು ಹೊರಟ ಸಾವು, ಮಡಿಲು ತುಂಬಿಸಿಕೊಂಡು ತಾಯಿಯ ಹಿಂದೆ ಕುಣಿಯುತ್ತ ಮನೆಗೆ ಹೋದ ಹುಡುಗಿ. ಕುಣಿಯುತ್ತ ಎಂದು ಬರೆದವಳು ತಾನೇ. ಜನ ಅಯ್ಯೋ ಎನ್ನುವ ಹಾಗೆ ಉಸಿರೆಳೆದರು. ಯಾರೋ ಕಣ್ಣೊರೆಸಿಕೊಂಡರು. ಚಪ್ಪಾಳೆ ಬಿತ್ತು. ಸತ್ಯನಾರಾಯಣ ಅವಳನ್ನು ಮುಂದೆ ಕರೆದು, ಇಂಗ್ಲಿಷಿನಲ್ಲಿ ಎರಡು ಮಾತು ಎಂದರು, ಕನ್ನಡದಲ್ಲಿ ಮೆಲ್ಲಗೆ, "ಎರಡೇ," ಎಂದರು.

ಎದುರಿಗೆ ಮಾತು ಸಿಹಿಯಾಗಿರಲೆಂದು ಕಾದು ಕೂತ ಇಪ್ಪತ್ತಾರು ಮುಖಗಳು. ಅಜ್ಜಿಯ ಎದುರು ತಾನು ಹೀಗೇ ಕೂತಿರುತ್ತಿದ್ದಳು. ಈ ಮುಖಗಳಿಗೂ ಜ್ವರ ಬಂದೀತು ಎಂದು ಯಾರೋ ಹೆದರಿ ಕೊನೆ ಬದಲಾಯಿಸುತ್ತ ಬಂದಿದ್ದಾರೆ ಅನ್ನಿಸಿತು. ಆಗ ಬಂದ ರೇಗಾಟ ಅವಳಿಗೆ ಸಹಾಯ ಮಾಡಿತು. "ನಾನು ಬರೆದದ್ದು ತಪ್ಪು," ಅಂದಳು. "ಹುಡುಗಿ ಮನೆಗೆ ಹೋಗಲಿಲ್ಲ." ಫೋನು ತೆಗೆದು ಮೂವತ್ತೊಂದನೆಯ ಫೋಟೋದಲ್ಲಿದ್ದ ಪುಟ ಓದಿದಳು, ತಟ್ಟೆಗಳು ಹಿಡಿಸುತ್ತಿಲ್ಲ ಎಂಬಲ್ಲಿಯವರೆಗೆ. ಹೌನ್ಸ್‌ಲೋದ ಸಾಲು ಓದಿದಳು. ಹಳದಿ ಸ್ವೆಟರಿನವನು ಕೈಯೆತ್ತಿ, ಆಮೇಲೆ ಅವಳಿಗೇನಾಯಿತು ಎಂದು ಕೇಳಿದ. ಗೊತ್ತಿಲ್ಲ, ಬರೆದಿಲ್ಲ, ಅಂದಳು. ತಾಯಿಯ ಹೆಸರು? ಅದೂ ಬರೆದಿಲ್ಲ. ಕೂತವರು ಅತ್ತಿತ್ತ ಮಿಸುಕಾಡಿದರು. ನಂತರ, ಇನ್ನೇನು ಮಾಡುವುದೆಂದು ತೋಚದೆ, ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಮೊದಲಿನದಕ್ಕಿಂತ ಜೋರಾಗಿಯೇ! ಸತ್ಯನಾರಾಯಣ ಟೀ ಸಿದ್ಧವಾಗಿದೆ ಎಂದು ಕೂಗಿದರು. ಮೇವಿಸ್ ಚಪ್ಪಾಳೆ ತಟ್ಟಲಿಲ್ಲ, ಟೀ ಕುಡಿಯಲಿಲ್ಲ. ಕೋಟು ಹಾಕಿಕೊಂಡು ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಬಸ್ಸಿನಲ್ಲಿ ಕೂತವರ ಹಾಗೆ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರ ಹತ್ತಿರ ಯಾರೂ ಸುಳಿಯಲಿಲ್ಲ.

"ಟ್ಯಾಕ್ಸಿ ಕರೆಯಲಾ?" ಎಂದಳು ಜಾಹ್ನವಿ.

"ಕರೆದುಕೊಂಡು ಬಂದವಳು ನೀನು. ನೀನೇ ಬಿಡು."

ವಾಪಸು ಬಸ್ಸಿನಲ್ಲಿ ಸೀಟು ಬೇಕಾದಷ್ಟಿದ್ದವು. ಮೇವಿಸ್ ಕಿಟಕಿಯ ಪಕ್ಕ ಕೂತರು, ಅವಳು ನಡುದಾರಿಯಾಚೆಯ ಸೀಟಿನಲ್ಲಿ. ಕ್ಷಮಿಸಿ ಎನ್ನಲು ಎರಡು ಸಲ ಬಾಯಿ ತೆರೆದಳು. ಕ್ಷಮೆ ಕೇಳುವುದು, ಕೊಡುವುದು ಎರಡರಲ್ಲೂ ತಾನು ಎಷ್ಟು ಧಾರಾಳಿ ಎಂದು ನೆನೆದು ಮುಚ್ಚಿಕೊಂಡಳು. ಈ ಮುದುಕಿಯ ನಿದ್ದೆ ಹೋಯಿತು. ತಿಪ್ಪಿಗೆ ಏನೂ ಸಿಗಲಿಲ್ಲ. ಆದರೂ ಇನ್ನೊಮ್ಮೆ ಕರೆದರೆ ಇನ್ನೊಮ್ಮೆ ಓದುತ್ತಿದ್ದಳು. ಅದೊಂದೇ ಗಟ್ಟಿಯಾಗಿ ಗೊತ್ತಿತ್ತು, ಬೂಟಿನೊಳಗಿನ ಕಲ್ಲಿನ ಹಾಗೆ.

ಮನೆಯ ಮುಂದೆ ಇನ್ನೂ ಬೆಳಕಿತ್ತು. ಮೇವಿಸ್ ಬೀಗ ತೆಗೆಯಲು ಬಹಳ ಹೊತ್ತು ತೆಗೆದುಕೊಂಡರು. ಅವಳು ಸಹಾಯಕ್ಕೆ ಕೈ ಚಾಚಿದಾಗ ಮೊಣಕೈಯಿಂದ ತಡೆದರು. ಬಾಗಿಲು ತೆರೆಯಿತು. ಒಳಗೆ ಕಾಲಿಟ್ಟು, ತಿರುಗದೆಯೇ, "ಆ ಮೊರ," ಅಂದರು.

"ಏನು ಮಿಸೆಸ್ ವೆಲ್ಬಿ?"

"ಅಕ್ಕಿ, ಬೆಲ್ಲ, ಇಡೀ ತೆಂಗಿನಕಾಯಿ. ತಲೆಯ ಮೇಲೆ ಹೊತ್ತಿದ್ದಳಾ, ಸೊಂಟದ ಮೇಲಾ? ಮೂರು ದಿನ ಕೂತಿದ್ದಳಂತಲ್ಲ. ಕೂತಾಗ ಅದನ್ನು ಕೆಳಗಿಟ್ಟಿದ್ದಳಾ, ತೊಡೆಯ ಮೇಲೇ ಇಟ್ಟುಕೊಂಡಿದ್ದಳಾ? ಇರುವೆ ಬರುವುದಿಲ್ಲವಾ ಬೆಲ್ಲಕ್ಕೆ?"

ಜಾಹ್ನವಿ ಅಜ್ಜಿಯ ದನಿಗಾಗಿ ಕಾದಳು. ಯಾವತ್ತೂ ಕೇಳಿದ ಕೂಡಲೇ ಬರುತ್ತಿದ್ದದ್ದು, ಮೂಗಿನಿಂದ ಸ್ವಲ್ಪ, ಯಾವ ಪ್ರಶ್ನೆಗೂ ಇಲ್ಲ ಎನ್ನದ ದನಿ. ಇರುವೆಯ ಬಗ್ಗೆ ಅದು ಏನೂ ಹೇಳಲಿಲ್ಲ.

"ಗೊತ್ತಿಲ್ಲ," ಅಂದಳು.

"ಗೊತ್ತಿಲ್ಲ." ಮೇವಿಸ್ ಆ ಮಾತನ್ನು ಹಲ್ಲಿನಲ್ಲಿ ಕಚ್ಚಿ ನೋಡಿದ ಹಾಗೆ ಹೇಳಿದರು. "ಇಷ್ಟು ದಿನ ಎಲ್ಲ ಗೊತ್ತಿರುತ್ತಿತ್ತು ನಿನಗೆ. ಬುಧವಾರ ದಿನಚರಿ ತರುತ್ತೇನೆ. ಒಂದನೆಯ ಪುಟದಿಂದ ಓದು, ನನ್ನೆದುರು ಕೂತು, ಗಟ್ಟಿಯಾಗಿ. ತಟ್ಟೆಗಳನ್ನೂ ಬಿಡಬಾರದು." ಹಾಗೆಂದು ಬಾಗಿಲನ್ನು ಅವಳ ಮುಖದ ಮೇಲೆಯೇ ಹಾಕಿಕೊಂಡರು.